ಗೆದ್ದೆತ್ತಿಗೆ ಬ್ಯಾನರ್, ಸೋತೆತ್ತಿಗೆ ಹಾಜರಿ ಕೊರತೆ

ಕಾಲೇಜಿನ ವಾರ್ಷಿಕ ಕ್ರೀಡಾಕೂಟ ಉದ್ಘಾಟಿಸಲು ಬರುವ ಮುಖ್ಯ ಅತಿಥಿಗಳು ಜೀವಮಾನದಲ್ಲಿ ಎತ್ತಿದ ಅತಿ ಭಾರದ ವಸ್ತು ಯಾವುದೆಂದು ವಿಚಾರಿಸಿದರೆ, ಅದು ಅಂದೇ ಅದೇ ವೇದಿಕೆಯಲ್ಲಿ ಅವರ ಕೈಗಿತ್ತ ಹಣ್ಣಿನ ಬುಟ್ಟಿ. ಅದನ್ನೂ ಫೋಟೊ ಹೊಡೆಯುವಷ್ಟು ಹೊತ್ತು ಹಿಡಿದು ಹಿಂದೆ ನಿಂತ ಕಾರು ಚಾಲಕನಿಗೆ ದಾಟಿಸುತ್ತಾರೆ. ಶಾಲು, ಹಾರ, ಮೈಸೂರು ಪೇಟಗಳ ಭಾರದಿಂದ ಚೇತರಿಸಿಕೊಂಡು ಮೈಕಿನ ಮುಂದೆ ನಿಂತು, ವಿದ್ಯಾರ್ಥಿಗಳು ಆಟ ಪಾಠ ಎರಡನ್ನೂ ಸರಿದೂಗಿಸಿಕೊಂಡು ಹೋಗಬೇಕು, ಬದುಕಿನಲ್ಲಿ ಸಮತೋಲನ ಮುಖ್ಯ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಅತಿಥಿಗಳ ಕಾರು ತಡವಾದ್ದರಿಂದ ಎರಡು ತಾಸು ಬಿಸಿಲಲ್ಲಿ ಪಥಸಂಚಲನಕ್ಕೆ ನಿಂತಿದ್ದ ಹುಡುಗರಲ್ಲೊಬ್ಬ ಸರಿಯಾಗಿ ಅದೇ ಹೊತ್ತಿಗೆ ತಲೆಸುತ್ತಿ ಬೀಳುತ್ತಾನೆ. ಸಮತೋಲನ ತಪ್ಪಿದ್ದು ಅವನದು ಎಂದೇ ತೀರ್ಮಾನ.

ಭಾರ ಹೊತ್ತವನಿಗೇ ನೆಟ್ಟಗೆ ನಡೆ ಎನ್ನುವುದು ನಮ್ಮಲ್ಲಿ ಹಳೆಯ ವಾಡಿಕೆ. ಸಮತೋಲನದ ಉಪದೇಶ ಯಾವತ್ತೂ ಹರಿಯುವುದು ವೇದಿಕೆಯಿಂದ ಮೈದಾನಕ್ಕೆ. ವಿಶ್ವವಿದ್ಯಾಲಯದ ವೇಳಾಪಟ್ಟಿಗೆ ಯಾರೂ ಅದನ್ನು ಬೋಧಿಸುವುದಿಲ್ಲ. ಹಾಸ್ಟೆಲ್ ಅಡುಗೆಮನೆಗೆ ಬೋಧಿಸುವುದಿಲ್ಲ. ಎರಡು ವರ್ಷದಿಂದ ಮೇಜಿನಿಂದ ಮೇಜಿಗೆ ಜಾರುತ್ತಿರುವ ಪ್ರಯಾಣಭತ್ಯೆಯ ಬಿಲ್ಲಿಗಂತೂ ಬೋಧಿಸಿದ ದಾಖಲೆಯೇ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗನೊಬ್ಬನೇ ಇಡೀ ಸಮತೋಲನದ ಗುತ್ತಿಗೆದಾರ.

ಅಂಥ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಕಾಲೇಜಿನವರಿಗೂ ಅವನು ಬರೀ ರಿಜಿಸ್ಟರ್ ನಂಬರು. ಬಿ.ಕಾಂ. ಮೂರನೇ ಸೆಮಿಸ್ಟರ್, ವೇಟ್‌ಲಿಫ್ಟಿಂಗ್‌ನಲ್ಲಿ 71 ಕೆ.ಜಿ. ವಿಭಾಗ. ಬಯಲುಸೀಮೆಯ ಊರು, ಅಪ್ಪನಿಗೆ ಎರಡೆಕರೆ ಜೋಳದ ಹೊಲ. ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದವನು. ಆ ಸ್ಪರ್ಧೆಯ ಆಡಳಿತ ಬಹಳ ಹಿಂದುಳಿದದ್ದು: ಕಲ್ಲು ಮೇಲೆದ್ದರೆ ಕಡಗ, ಏಳದಿದ್ದರೆ ಇಲ್ಲ. ಮೂರು ಪ್ರತಿಯಲ್ಲಿ ಅರ್ಜಿ ಕೇಳುವವರಿಲ್ಲ, ಎತ್ತಿದ ಮೇಲೆ ಎತ್ತಿದ್ದಕ್ಕೆ ದೃಢೀಕರಣ ಪತ್ರ ತಾ ಎನ್ನುವವರಿಲ್ಲ. ಜಗತ್ತೆಲ್ಲ ಹೀಗೇ ನಡೆಯುತ್ತದೆಂಬ ಭೋಳೆತನದಲ್ಲೇ ಅವನು ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ.

ಕಾಲೇಜಿಗೆ ಬಂದು ವೇಟ್‌ಲಿಫ್ಟಿಂಗ್ ಕಲಿತಾಗ ಆ ಭೋಳೆತನ ಇನ್ನಷ್ಟು ಗಟ್ಟಿಯಾಯಿತು, ಏಕೆಂದರೆ ಆ ಆಟದ ಕಾನೂನೂ ಜಾತ್ರೆಯ ಕಾನೂನಿನಷ್ಟೇ ನೇರ. ಸ್ನ್ಯಾಚ್ ಎಂದರೆ ಬಾರ್ ನೆಲದಿಂದ ಒಂದೇ ಬೀಸಿಗೆ ತಲೆಯ ಮೇಲೆ. ಕ್ಲೀನ್ ಅಂಡ್ ಜರ್ಕ್ ಎಂದರೆ ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ. ಎರಡಕ್ಕೂ ಮೂರು ಮೂರು ಅವಕಾಶ. ಹೆಸರು ಕೂಗಿದ ಮೇಲೆ ಒಂದು ನಿಮಿಷ. ಮೂವರು ತೀರ್ಪುಗಾರರು, ಇಬ್ಬರು ಬಿಳಿ ದೀಪ ಹಾಕಿದರೆ ಎತ್ತಿದ್ದು ಎತ್ತಿದ್ದೇ. ಎರಡರಲ್ಲೂ ಅತ್ಯುತ್ತಮವಾದದ್ದನ್ನು ಕೂಡಿಸಿ ಒಟ್ಟು. ಕೆಂಪು ತಟ್ಟೆ 25 ಕೆ.ಜಿ., ನೀಲಿ 20, ಹಳದಿ 15, ಹಸಿರು 10. ಯಾರ ಮಗ ಬಂದರೂ ಅಷ್ಟೇ. ‘ನೀ ಯಾರ ಕಡೆಯವ’ ಎಂದು ಕಬ್ಬಿಣ ಕೇಳುವುದಿಲ್ಲ. ಅದೊಂದೇ ಅದರ ದೋಷ. ಆ ಕಾರಣಕ್ಕೇ ಕಬ್ಬಿಣವನ್ನು ಈವರೆಗೆ ಯಾವ ವಿಶ್ವವಿದ್ಯಾಲಯದ ಸಿಂಡಿಕೇಟಿಗೂ ನಾಮನಿರ್ದೇಶನ ಮಾಡಿಲ್ಲ.

ಈಗ ವಿಶ್ವವಿದ್ಯಾಲಯದ ಎತ್ತುಗಾರಿಕೆ ನೋಡಿ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೆ ಹುಡುಗ ಆಯ್ಕೆಯಾದ. ರಜೆಗಾಗಿ ಅರ್ಜಿ. ಅದು ತರಗತಿ ಮೇಷ್ಟ್ರಿಂದ ವಿಭಾಗ ಮುಖ್ಯಸ್ಥರಿಗೆ, ಅಲ್ಲಿಂದ ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಅಲ್ಲಿಂದ ಪ್ರಾಂಶುಪಾಲರಿಗೆ, ಅಲ್ಲಿಂದ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ, ಪರೀಕ್ಷೆಯ ವಿಷಯವೂ ಸೇರಿದ್ದರೆ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಏರಬೇಕು. ಇಲ್ಲಿ ಬಹುಮತದ ತೀರ್ಪಿಲ್ಲ. ಆರು ಮಂದಿಯಲ್ಲಿ ಯಾರೊಬ್ಬರ ಕೆಂಪು ದೀಪವೂ ಸಾಕು, ಫೈಲು ಧೊಪ್ಪನೆ ನೆಲಕ್ಕೆ. ಒಂದು ನಿಮಿಷದ ಗಡಿಯಾರವೂ ಇಲ್ಲ. ಒಬ್ಬೊಬ್ಬರೂ ಅದನ್ನು ವಾರಗಟ್ಟಲೆ ಎದೆಮಟ್ಟದಲ್ಲೇ ಹಿಡಿದು ನಿಲ್ಲಬಲ್ಲರು. ತಾಳ್ಮೆಯ ಈ ಸ್ಪರ್ಧೆಗೆ ಒಲಿಂಪಿಕ್ಸ್‌ನಲ್ಲಿ ಸ್ಥಾನ ಸಿಕ್ಕ ದಿನ ಪದಕಪಟ್ಟಿಯಲ್ಲಿ ನಮ್ಮ ಮುಂದೆ ಯಾರೂ ಇರುವುದಿಲ್ಲ.

ಅರ್ಜಿ ಇಷ್ಟೆಲ್ಲ ಹತ್ತುವುದು ಏತಕ್ಕೆಂದರೆ ಶೇ. 75ರ ಸಲುವಾಗಿ. ತರಗತಿಗಳಲ್ಲಿ ಮುಕ್ಕಾಲು ಪಾಲು ಹಾಜರಿ ಇರದವನಿಗೆ ಪರೀಕ್ಷೆಯಿಲ್ಲ. ಲೆಕ್ಕ ಹಾಕೋಣ, ಹುಡುಗ ಬಿ.ಕಾಂ. ತಾನೇ. ಸೆಮಿಸ್ಟರಿಗೆ 90 ಬೋಧನಾ ದಿನ ಎಂದಿಟ್ಟುಕೊಂಡರೆ ಅವನು ಕೂರಲೇಬೇಕಾದದ್ದು ಅರವತ್ತೇಳೂವರೆ ದಿನ. ಉಳಿಯುವುದು ಇಪ್ಪತ್ತೆರಡೂವರೆ. ಸ್ಪರ್ಧೆಗೆ ಮುಂಚಿನ ತರಬೇತಿ ಶಿಬಿರ ಹತ್ತು ದಿನ. ಉತ್ತರದ ಯಾವುದೋ ಊರಿಗೆ ರೈಲಿನಲ್ಲಿ ಹೋಗಲು ಮೂರು, ಬರಲು ಮೂರು. ಸ್ಪರ್ಧೆ ಐದು. ಅದಕ್ಕೆ ಮುಂಚೆ ವಿಶ್ವವಿದ್ಯಾಲಯ ಮಟ್ಟದ ಆಯ್ಕೆ ಎರಡು. ಇಪ್ಪತ್ಮೂರು. ಅರ್ಧ ದಿನ ಹೆಚ್ಚಾಯಿತು. ಇನ್ನು ಜ್ವರ ಬರಕೂಡದು, ಅಕ್ಕನ ಮದುವೆ ಆಗಕೂಡದು, ಅಜ್ಜಿ ಸೆಮಿಸ್ಟರ್ ಮುಗಿಯುವವರೆಗೆ ಗಟ್ಟಿ ಜೀವ ಹಿಡಿದುಕೊಂಡಿರಬೇಕು. ಈ ಇಪ್ಪತ್ಮೂರು ದಿನವೂ ಹುಡುಗ ವಿಶ್ವವಿದ್ಯಾಲಯದ ಹೆಸರು ಬರೆದ ಬನಿಯನ್ ತೊಟ್ಟು, ವಿಶ್ವವಿದ್ಯಾಲಯವೇ ಕಳಿಸಿದ ಕಡೆ, ವಿಶ್ವವಿದ್ಯಾಲಯದ ಪರವಾಗಿಯೇ ಇದ್ದ. ಹಾಗಿದ್ದೂ ವಿಶ್ವವಿದ್ಯಾಲಯ ಕೇಳುತ್ತದೆ: ಎಲ್ಲಿದ್ದೆಯಪ್ಪಾ?

ಕರ್ತವ್ಯದ ಮೇಲಿದ್ದನೆಂದು ಹಾಜರಿ ಕೊಡಲು ‘ಓ.ಡಿ.’ ಎಂಬ ಸೌಲಭ್ಯವಿದೆ. ಇಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಓ.ಡಿ. ಪಡೆಯಲು ಪ್ರತಿ ವಿಷಯದ ಮೇಷ್ಟ್ರ ಸಹಿ ಬೇಕು, ಮೇಷ್ಟ್ರು ಸಿಗುವುದು ಅವರ ತರಗತಿಯ ಹೊತ್ತಿಗೆ, ಒಂದು ತರಗತಿಯ ಮೇಷ್ಟ್ರನ್ನು ಹಿಡಿಯಲು ಇನ್ನೊಂದು ತರಗತಿ ತಪ್ಪಿಸಬೇಕು, ತಪ್ಪಿಸಿದ ತರಗತಿಗೆ ಓ.ಡಿ. ಇಲ್ಲ. ಅವನ ಗೆಳೆಯನೊಬ್ಬ ಕೊನೆಯ ಬೆಂಚಿನಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ಸೆಮಿಸ್ಟರ್ ಪೂರ್ತಿ ನಿದ್ದೆ ಮಾಡಿ ಶೇ. 98 ಹಾಜರಿ ಗಳಿಸಿದ್ದಾನೆ. ಮೈ ದಣಿದ ಮೇಲೆ ಆಗುವ ನಿಜವಾದ ಲಾಭವೆಲ್ಲ ನಿದ್ದೆಯಲ್ಲೇ ಎಂದು ಕೋಚ್ ದಿನವೂ ಹೇಳುತ್ತಾರೆ. ಆ ನಿದ್ದೆಯ ಸೌಲಭ್ಯ ಕಾಲೇಜಿನಲ್ಲಿ ಲಭ್ಯವಿದೆ, ಫಲಾನುಭವಿಗಳು ಬೇರೆ.

ನಿಯಮ ನಿಯಮವೇ, ಒಬ್ಬ ಹುಡುಗನಿಗಾಗಿ ಬಗ್ಗಿಸಲಾಗದು ಎನ್ನುತ್ತಾರೆ. ಒಪ್ಪೋಣ. ಸೆಮಿಸ್ಟರ್ ಪರೀಕ್ಷೆಯ ವಾರವೇ ಸ್ಪರ್ಧೆಯೂ ಬಂದು, ಒಂದು ಪತ್ರಿಕೆಗೆ ಬೇರೆ ದಿನ ಕೊಡಿ ಎಂದು ಹುಡುಗ ಕೇಳಿದ. ‘ನಿಯಮದಲ್ಲಿ ಅವಕಾಶವಿರುವುದಿಲ್ಲ’ ಎಂದು ಉತ್ತರ ಬಂತು, ಅದೂ ಪರೀಕ್ಷೆ ಮುಗಿದ ಮೇಲೆ. ಕಬ್ಬಿಣಕ್ಕಿಂತ ಗಟ್ಟಿಯಾದ ಈ ನಿಯಮಗಳಿಗೆ ಸ್ವಲ್ಪ ಇತಿಹಾಸವೂ ಇದೆ. 2021ರಲ್ಲಿ ಇಡೀ ರಾಜ್ಯದ ಪದವಿಯನ್ನು ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷಕ್ಕೆ ಹಿಗ್ಗಿಸಲಾಯಿತು. 2024ರಲ್ಲಿ ರಾಜ್ಯ ಶಿಕ್ಷಣ ನೀತಿಯ ಹೆಸರಿನಲ್ಲಿ ಮತ್ತೆ ಮೂರಕ್ಕೆ ಕುಗ್ಗಿಸಲಾಯಿತು. ಲಕ್ಷಾಂತರ ಮಕ್ಕಳ ಪಠ್ಯ, ಅಂಕಪಟ್ಟಿ, ವಿಷಯಗಳ ಜೋಡಣೆ ಎಲ್ಲವೂ ಬಗ್ಗಿದವು. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಬೀದಿಗಿಳಿದಾಗ ಸರ್ಕಾರಿ ಪದವಿ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠ ನಿಂತಿತು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಕಲಿಸುವವರು ಇಲ್ಲದ ಆ ದಿನಗಳಿಗಾಗಿ ಯಾವ ಕಾಲೇಜಿಗೂ ಹಾಜರಿ ಕೊರತೆಯ ನೋಟಿಸು ಹೋಗಲಿಲ್ಲ. ಒಂದು ಪದವಿಯನ್ನೇ ವರ್ಷದ ಲೆಕ್ಕದಲ್ಲಿ ಎಳೆದು ಬಿಡಬಲ್ಲ ವ್ಯವಸ್ಥೆಗೆ ಕಾಸ್ಟ್ ಅಕೌಂಟಿಂಗ್ ಪತ್ರಿಕೆಯನ್ನು ಐದು ದಿನ ಮುಂದೆ ಸರಿಸುವ ತ್ರಾಣವಿಲ್ಲ.

ಅಂದ ಹಾಗೆ ಬದಲಾಗುವ ನಿಯಮಗಳಿಗೆ ಒಗ್ಗಿಕೊಳ್ಳುವುದು ಎತ್ತುಗಾರರಿಗೆ ಹೊಸದಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ಅದೇ. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆ ತೂಕದ ವಿಭಾಗಗಳನ್ನೆಲ್ಲ ಬದಲಿಸಿತು. 56 ಕೆ.ಜಿ. ಎಂಬುದೇ ಇಲ್ಲವಾಯಿತು. ಅವರು 61 ಕೆ.ಜಿ.ಗೆ ಏರಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆ.ಜಿ. ಎತ್ತಿ ಕಂಚು ಗೆದ್ದರು. ಗೋಲ್ಡ್ ಕೋಸ್ಟ್‌ನ ಇನ್ನೊಂದು ಸಂಗತಿ ಪರೀಕ್ಷಾ ವಿಭಾಗದವರು ಗಮನಿಸುವಂಥದ್ದು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಅವರ ಮೊದಲೆರಡು ಯತ್ನಗಳು ವಿಫಲವಾಗಿದ್ದವು. ಮೂರನೆಯದರಲ್ಲಿ 138 ಕೆ.ಜಿ. ಮೇಲೇರಿತು, ಬೆಳ್ಳಿ ಬಂತು. ನಮ್ಮ ಪರೀಕ್ಷಾ ಪದ್ಧತಿಯಲ್ಲಾಗಿದ್ದರೆ ಮೊದಲ ಯತ್ನಕ್ಕೇ ಬ್ಯಾಕ್‌ಲಾಗ್ ಬರೆದು, ಎರಡನೆಯದಕ್ಕೆ ದಂಡ ಕಟ್ಟಿಸಿಕೊಂಡು, ಮೂರನೆಯದನ್ನು ಮುಂದಿನ ವರ್ಷ ಹೊಸ ಪಠ್ಯಕ್ರಮದಲ್ಲಿ ಎತ್ತು ಎನ್ನುತ್ತಿದ್ದರು.

ಹುಡುಗನ ದಿನಚರಿಗೆ ಮರಳೋಣ. ಕೋಚ್ ಹಾಕಿಕೊಟ್ಟ ಯೋಜನೆ ಹನ್ನೆರಡು ವಾರಗಳದು. ವಾರದಿಂದ ವಾರಕ್ಕೆ ಭಾರ ಏರಬೇಕು, ನಡುವೆ ಒಂದೊಂದು ವಾರ ಇಳಿಯಬೇಕು, ಕೊನೆಯ ವಾರ ಅಭ್ಯಾಸ ಕಡಿಮೆ ಮಾಡಿ ಚೆನ್ನಾಗಿ ಉಂಡು ಮಲಗಬೇಕು. ಆಗ ಮೈ ತನ್ನ ಶಕ್ತಿಯ ಶಿಖರ ಮುಟ್ಟುತ್ತದೆ. ವಿಶ್ವವಿದ್ಯಾಲಯಕ್ಕೂ ಒಂದು ಹನ್ನೆರಡು ವಾರದ ಯೋಜನೆಯಿದೆ. ಮೊದಲ ಒಂಬತ್ತು ವಾರ ಏನೂ ಇಲ್ಲ. ಕೊನೆಯ ಮೂರು ವಾರದಲ್ಲಿ ಆಂತರಿಕ ಪರೀಕ್ಷೆ, ಅಸೈನ್‌ಮೆಂಟು, ಸೆಮಿನಾರು, ರೆಕಾರ್ಡ್ ಪುಸ್ತಕ, ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ, ದಂಡಸಹಿತ ಕೊನೆಯ ದಿನ. ಎರಡು ಯೋಜನೆಗಳ ಶಿಖರವೂ ಒಂದೇ ವಾರ. ರಾತ್ರಿ ಹತ್ತಕ್ಕೆ ಮಲಗಬೇಕಾದವನು ಎರಡು ಗಂಟೆಯವರೆಗೆ ಪಕ್ಕದವನ ರೆಕಾರ್ಡಿನಿಂದ ತನ್ನ ರೆಕಾರ್ಡಿಗೆ ಇಳಿಸುತ್ತಾನೆ. ಅದು ಜ್ಞಾನಾರ್ಜನೆ. ಹುಕ್ ಗ್ರಿಪ್‌ನಲ್ಲಿ ಬೆರಳುಗಳ ಅಡಿ ಸಿಕ್ಕಿ ಜಜ್ಜಿದ ಹೆಬ್ಬೆರಳು, ಚರ್ಮ ಕಿತ್ತ ಅಂಗೈ; ಅಕ್ಷರ ಸೊಟ್ಟಗಾಗುತ್ತದೆ. ಕೈಬರಹ ಚೆನ್ನಾಗಿಲ್ಲವೆಂದು ಎರಡು ಅಂಕ ಕಡಿತ. ಬೆಳಿಗ್ಗೆ ಐದಕ್ಕೆ ಎದ್ದು ನೂರು ಕೆ.ಜಿ. ಎತ್ತಿದರೆ ಯಾವ ಅಂಕವೂ ಇಲ್ಲ, ಏಕೆಂದರೆ ಅದು ಪಠ್ಯೇತರ.

ಅನ್ನದ ವಿಷಯ. ಬಲದ ಆಟ ಆಡುವವನಿಗೆ ದೇಹದ ತೂಕದ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕೆಂಬುದು ಕ್ರೀಡಾ ಪೌಷ್ಟಿಕತೆಯ ಸಾಮಾನ್ಯ ಲೆಕ್ಕ. 71 ಕೆ.ಜಿ. ಹುಡುಗನಿಗೆ ಹತ್ತಿರ ಹತ್ತಿರ 114 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆಯ ಅಸ್ತಿತ್ವ ಮತಧರ್ಮಗಳಿಗೆ ಬಿಟ್ಟ ವಿಚಾರ, ನಂಬುವವರಿಗೆ ಉಂಟು. ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಹತ್ತನೇ ತರಗತಿವರೆಗೆ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು. ಒಳ್ಳೆಯ ಕೆಲಸ. ಹತ್ತನೇ ತರಗತಿ ಪಾಸಾದ ಮರುದಿನದಿಂದ ದೇಹಕ್ಕೆ ಪೌಷ್ಟಿಕತೆಯ ಅಗತ್ಯ ಮುಗಿಯುತ್ತದೆ ಎಂಬ ವೈದ್ಯಕೀಯ ಸಂಶೋಧನೆ ಯಾರದೆಂದು ಮಾತ್ರ ಪತ್ತೆಯಾಗಿಲ್ಲ. ಹುಡುಗ ಒಂದು ಮೊಟ್ಟೆ ಹೆಚ್ಚಿಗೆ ಕೇಳಿದಾಗ ವಾರ್ಡನ್ ಕೊಟ್ಟ ಉತ್ತರದಲ್ಲಿ ಸಮಾನತೆಯ ತತ್ವವಿತ್ತು: ‘ನಿನಗೊಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ.’ ಹಸಿವು ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿರುವ ಕಡೆ ಒಬ್ಬನ ಪಾಲು ಕಡಿಮೆ ಮಾಡುವುದು ಅನ್ಯಾಯ.

ಜಿಮ್ ಇದೆ. ಅದರ ಉದ್ಘಾಟನೆಯ ಶಿಲಾಫಲಕವನ್ನು ಎತ್ತಿದರೇ ಒಂದು ಒಳ್ಳೆಯ ವ್ಯಾಯಾಮ. ಒಳಗೆ ಮಲ್ಟಿಜಿಮ್ ಯಂತ್ರವಿದೆ. ಅದರ ರಾಟೆಯ ತಂತಿ ತುಂಡಾಗಿ, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಒಂದು ಆವರ್ತ ಕಳೆದಿದೆ. ಬೀಗದ ಕೈ ಅಟೆಂಡರ್ ಬಳಿ, ಅಟೆಂಡರ್ ರಜೆಯಲ್ಲಿ. ಪರೀಕ್ಷೆ ಬಂದರೆ ಜಿಮ್ಮಿನ ಕೋಣೆಗೆ ಉತ್ತರಪತ್ರಿಕೆಯ ಮೂಟೆಗಳು ಬರುತ್ತವೆ. ಚುನಾವಣೆ ಬಂದರೆ ದೈಹಿಕ ಶಿಕ್ಷಣ ನಿರ್ದೇಶಕರೇ ಹೊರಟು ಹೋಗುತ್ತಾರೆ. ಉಳಿದ ದಿನ ಅವರು ಕಾಲೇಜು ಸಮಾರಂಭಗಳಲ್ಲಿ ಸಿಳ್ಳೆ ಹೊಡೆದು ಸಾಲು ಸರಿಪಡಿಸುವ ಕೆಲಸದಲ್ಲಿರುತ್ತಾರೆ. ಮೇಲಂತಸ್ತಿನಲ್ಲಿ ಗ್ರಂಥಾಲಯವಿದ್ದರಂತೂ ಬಾರ್ ನೆಲಕ್ಕೆ ಬಿದ್ದ ಸದ್ದಿಗೆ ದೂರು ಬರುತ್ತದೆ. ‘ಸದ್ದಿಲ್ಲದೆ ಎತ್ತುವುದಾದರೆ ಎತ್ತು’ ಎಂದು ಸುತ್ತೋಲೆ. ಎತ್ತಿದ್ದನ್ನು ಕೆಳಗಿಡಬೇಡ ಎಂದು ಹೇಳಿಲ್ಲವಲ್ಲ, ಅಷ್ಟು ಪುಣ್ಯ.

ಹುಡುಗನ ಪಾಡು ಇದಾದರೆ ಹುಡುಗಿಯದು ಇನ್ನೊಂದು ಪುರಾಣ. ಈ ದೇಶ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಈವರೆಗೆ ಗಳಿಸಿದ ಪದಕ ಎರಡೇ ಎರಡು. 2000ದಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ 240 ಕೆ.ಜಿ. ಎತ್ತಿ ತಂದ ಕಂಚು. ಮಹಿಳಾ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದೇ ಆ ವರ್ಷ. ಇನ್ನೊಂದು, 2021ರ ಜುಲೈನಲ್ಲಿ ಟೋಕಿಯೊದಲ್ಲಿ 49 ಕೆ.ಜಿ. ವಿಭಾಗದ ಮೀರಾಬಾಯಿ ಚಾನು 202 ಕೆ.ಜಿ. ಎತ್ತಿ ತಂದ ಬೆಳ್ಳಿ. ಎರಡೂ ಹೆಣ್ಣುಮಕ್ಕಳವು. ಗಂಡಸರ ಖಾತೆ ಇನ್ನೂ ತೆರೆದಿಲ್ಲ. ಈ ಅಂಕಿಅಂಶವನ್ನು ಆಳವಾಗಿ ಅಧ್ಯಯನ ಮಾಡಿದ ಬಳಿಕ ನಮ್ಮ ಕಾಲೇಜುಗಳು ಜಿಮ್ಮಿನ ಸಮಯವನ್ನು ಹೀಗೆ ಹಂಚಿವೆ: ಹುಡುಗರಿಗೆ ಬೆಳಿಗ್ಗೆ ಎರಡು ತಾಸು, ಸಂಜೆ ಮೂರು ತಾಸು, ಹುಡುಗಿಯರಿಗೆ ಮಧ್ಯಾಹ್ನ ಮೂರರಿಂದ ನಾಲ್ಕು, ತರಗತಿ ನಡೆಯುವಾಗ. ಸಂಜೆ ಆರೂವರೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಬೀಳುತ್ತದೆ. ನೂರು ಕೆ.ಜಿ. ತಲೆಯ ಮೇಲೆತ್ತಬಲ್ಲ ಹುಡುಗಿಯನ್ನು ಕತ್ತಲಿನಿಂದ ಕಾಪಾಡಲು ಕೋಲು ಹಿಡಿದ ಅರವತ್ತರ ಕಾವಲುಗಾರ ಕೂತಿರುತ್ತಾನೆ. ಮನೆಗೆ ಹೋದರೆ ದೊಡ್ಡಮ್ಮ ಹೆಗಲು ಮುಟ್ಟಿ ನೋಡಿ, ‘ಹೀಗಾದರೆ ಗಂಡು ಸಿಗುತ್ತದೇನೇ’ ಎನ್ನುತ್ತಾಳೆ. ನಲವತ್ತು ವರ್ಷ ಬಾವಿಯಿಂದ ನೀರು ಸೇದಿದ ಅದೇ ದೊಡ್ಡಮ್ಮನ ತೋಳನ್ನು ಯಾರೂ ಮುಟ್ಟಿ ನೋಡಿಲ್ಲ. ಹೆಣ್ಣು ಎತ್ತುವುದರ ಬಗ್ಗೆ ನಮ್ಮ ಸಮಾಜಕ್ಕೆ ತಕರಾರಿಲ್ಲ. ಎತ್ತಿದ್ದಕ್ಕೆ ವೇದಿಕೆ, ದೀಪ, ತೀರ್ಪುಗಾರರು ಇರುವುದಷ್ಟೇ ಅಸಭ್ಯ.

ಪವರ್‌ಲಿಫ್ಟಿಂಗ್ ಆಡುವವರ ಗೋಳು ಚುಟುಕಾಗಿ: ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಮೂರನ್ನೂ ಎತ್ತಿ ಗೆದ್ದು ಬಂದರೆ ಗುಮಾಸ್ತರು, ‘ಇದು ಒಲಿಂಪಿಕ್ಸ್‌ನಲ್ಲಿ ಇದೆಯಾ?’ ಎನ್ನುತ್ತಾರೆ. ಇಲ್ಲ. ‘ಹಾಗಾದರೆ ಇದು ಯಾವ ಸಂಘದ ಸರ್ಟಿಫಿಕೇಟು?’ ಸಂಘಗಳೂ ಒಂದೆರಡಲ್ಲ. ಗುಮಾಸ್ತರೇ ಕಾಲೇಜು ದಿನಗಳಲ್ಲಿ ಲಗೋರಿ ಆಡಿದ್ದಕ್ಕೆ ಹದಿನೈದು ಗ್ರೇಸ್ ಅಂಕ ಪಡೆದವರೆಂಬ ಗಾಳಿಮಾತಿದೆ, ಅದಕ್ಕೂ ದೃಢೀಕರಣವಿಲ್ಲ.

ಇಷ್ಟು ಹೇಳಿದ ಮೇಲೆ, ಆಟ ಪಾಠ ಎರಡೂ ಒಟ್ಟಿಗೆ ಆಗದ ಮಾತು ಎಂದು ತೀರ್ಮಾನಿಸಬೇಡಿ. ಆಗುತ್ತದೆ. ಆಗಿದೆ. ಗುರುರಾಜ ಪೂಜಾರಿ ಲಾರಿ ಚಾಲಕರ ಮಗ. ಕುಸ್ತಿಪಟುವಾಗುವ ಆಸೆಯಿದ್ದವರು ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲಿ ಓದುವಾಗ ವೇಟ್‌ಲಿಫ್ಟಿಂಗ್‌ಗೆ ತಿರುಗಿದರು, ಮುಂದೆ ವಾಯುಪಡೆ ಸೇರಿದರು. ಕರಾವಳಿಯಿಂದ ಎತ್ತುಗಾರರು ಮತ್ತೆ ಮತ್ತೆ ಮೇಲೆ ಬರುವುದಕ್ಕೆ ಮೀನು ತಿನ್ನುತ್ತಾರೆ, ಸಮುದ್ರದ ಗಾಳಿ ಎಂದೆಲ್ಲ ಕಾರಣ ಕೊಡುತ್ತಾರೆ. ಗಾಳಿ ಕಾರವಾರದಲ್ಲೂ ಬೀಸುತ್ತದೆ. ಉಜಿರೆ, ಮೂಡುಬಿದಿರೆಗಳಲ್ಲಿ ಗಾಳಿಯ ಜೊತೆಗೆ ಕೋಚ್ ಇದ್ದಾರೆ, ಬಾರ್ ಇದೆ. ಆಟಗಾರರಿಗೆಂದೇ ಹಾಸ್ಟೆಲು, ಊಟ, ಶುಲ್ಕದ ಏರ್ಪಾಡು ಮಾಡಿದ ಸಂಸ್ಥೆಗಳಿವೆ. ಅವರಿಗೂ ಲಾಭದ ಲೆಕ್ಕ ಇದ್ದೇ ಇರುತ್ತದೆ, ಇರಲಿ. ಲೆಕ್ಕ ಹಾಕಿಯಾದರೂ ಅನ್ನ ಹಾಕಿದರಲ್ಲ. ಮುಖ್ಯ ಅತಿಥಿಗಳು ಸಮತೋಲನವನ್ನು ಹುಡುಗನ ಚಾರಿತ್ರ್ಯದಲ್ಲಿ ಹುಡುಕುತ್ತಾರೆ. ಅದು ಸಿಗುವುದು ಕಾಲೇಜಿನ ಖರ್ಚುವೆಚ್ಚದ ಪುಸ್ತಕದಲ್ಲಿ. ಅಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಹುಡುಗ ತನ್ನ ನಿದ್ದೆಯಿಂದ, ಅಪ್ಪನ ಜೋಳದಿಂದ, ಒಂದೊಂದು ಸಲ ಪದವಿಯಿಂದಲೇ ತುಂಬಿ ಕೊಡುತ್ತಾನೆ.

ನಮ್ಮ ಹುಡುಗ ಹೋದ. ಆಯ್ಕೆಪಟ್ಟಿ ಕೊನೆಯ ಗಳಿಗೆಯಲ್ಲಿ ಬಂದದ್ದರಿಂದ ಟಿಕೆಟು ಖಾತ್ರಿಯಾಗಲಿಲ್ಲ. ಎರಡು ರಾತ್ರಿ ರೈಲಿನ ಬಾಗಿಲ ಬಳಿ ಬ್ಯಾಗಿನ ಮೇಲೆ ಕೂತೇ ಹೋದ. ತೂಕ ಹೆಚ್ಚಾದರೆ ವಿಭಾಗ ತಪ್ಪುತ್ತದೆಂದು ಸ್ಪರ್ಧೆಗೆ ಎರಡು ತಾಸು ಮುಂಚಿನ ತೂಕದವರೆಗೆ ನೀರನ್ನೂ ಅಳೆದು ಕುಡಿದ. ವಿಶ್ವವಿದ್ಯಾಲಯದ ಟ್ರ್ಯಾಕ್‌ಸೂಟ್ ಹಿಂದಿನ ದಿನ ಕೈಸೇರಿತ್ತು; 71 ಕೆ.ಜಿ.ಯವನಿಗೂ 110 ಕೆ.ಜಿ.ಯವನಿಗೂ ಒಂದೇ ಅಳತೆ, ಸಮಾನತೆಯ ತತ್ವ ಇಲ್ಲೂ ಪಾಲನೆಯಾಗಿತ್ತು. ಎತ್ತಿದ. ಮೂರನೆಯವನಾಗಿ ಬಂದ. ಕಂಚು.

ಆ ಸಂಜೆಯೇ ಕಾಲೇಜಿನ ಗೇಟಿಗೆ ಬ್ಯಾನರು ಬಿತ್ತು. ‘ನಮ್ಮ ಹೆಮ್ಮೆಯ’ ಎಂದು ಶುರುವಾಗುವ ಬ್ಯಾನರು. ಅಧ್ಯಕ್ಷರ ಮುಖ ಬುಟ್ಟಿಯಗಲ, ಕಾರ್ಯದರ್ಶಿಗಳದು ತಟ್ಟೆಯಗಲ, ಪ್ರಾಂಶುಪಾಲರದು ಬಟ್ಟಲಗಲ, ಹುಡುಗನದು ಅಂಚೆಚೀಟಿ. ಎಡಗಡೆ ಮೇಲೆ ಸ್ಥಳೀಯ ಶಾಸಕರು ಕೈಮುಗಿದು ನಿಂತಿದ್ದಾರೆ, ಯಾಕೆಂದು ಅವರಿಗೂ ಗೊತ್ತಿಲ್ಲ. ಓ.ಡಿ. ಸಹಿಗೆ ಮೂರು ದಿನ ಅಲೆದಾಡಿಸಿದ ಮೇಷ್ಟ್ರು ‘ಮೈ ಸ್ಟೂಡೆಂಟ್’ ಎಂದು ಸ್ಟೇಟಸ್ ಹಾಕಿದರು. ಮೊಟ್ಟೆ ನಿರಾಕರಿಸಿದ ವಾರ್ಡನ್, ‘ನಮ್ಮ ಮೆಸ್ಸಿನ ಅನ್ನದ ಶಕ್ತಿ’ ಎಂದು ಪತ್ರಕರ್ತರಿಗೆ ಹೇಳಿದರು.

ಇದು ಬರೀ ಬಾಯಿಚಪಲವಲ್ಲ, ಇದರ ಹಿಂದೆ ಅಂಕಗಣಿತವಿದೆ. ಬೆಂಗಳೂರಿನ ನಾಗರಬಾವಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ದೇಶದ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮಾನದಂಡಗಳಲ್ಲಿ 5.3.1 ಎಂಬುದೊಂದಿತ್ತು: ವಿದ್ಯಾರ್ಥಿಗಳು ಕ್ರೀಡೆ ಮತ್ತು ಸಾಂಸ್ಕೃತಿಕ ಚಟುವಟಿಕೆಗಳಲ್ಲಿ ಗೆದ್ದ ಪ್ರಶಸ್ತಿ, ಪದಕಗಳ ಸಂಖ್ಯೆ. ಹುಡುಗನ ಬೆವರು ಕಾಲೇಜಿನ ಭಾಷೆಗೆ ಅನುವಾದವಾಗುವುದು ಈ ಕಾಲಂನಲ್ಲಿ. ಹಾಗಾಗಿ ಅವನು ಊರಿಗಿಳಿದ ಕೂಡಲೇ ಕಚೇರಿಯಿಂದ ಕರೆ ಬಂದದ್ದು ಮಂಡಿ ಹೇಗಿದೆ ಎಂದು ಕೇಳಲು ಅಲ್ಲ; ಸರ್ಟಿಫಿಕೇಟಿನ ಮೂಲ ಪ್ರತಿ ತಾ, ಸ್ಕ್ಯಾನ್ ಮಾಡಬೇಕು, ಪಿ.ಡಿ.ಎಫ್. ಇಂತಿಷ್ಟೇ ಸೈಜು ಇರಬೇಕು. ಪದಕವೊಂದು ಪಿ.ಡಿ.ಎಫ್. ಆದ ಮೇಲೆ ಅದನ್ನು ಎತ್ತುವವರಿಗೆ ಮಂಡಿಯೇ ಬೇಕಿಲ್ಲ. ನಾಲ್ಕನೆಯವನಾಗಿ ಬಂದಿದ್ದರೆ? ಮೂರನೆಯವನಿಗಿಂತ ಒಂದು ಕೆ.ಜಿ. ಕಡಿಮೆ ಎತ್ತಿದ್ದರೆ? ಆ ಕಾಲಂನಲ್ಲಿ ಸೊನ್ನೆ. ಹಾಜರಿಯ ಕಾಲಂನಲ್ಲಿ ಕೊರತೆ. ರೈಲು, ಶಿಬಿರ, ಜಜ್ಜಿದ ಹೆಬ್ಬೆರಳು ಎಲ್ಲ ಅಷ್ಟೇ ಇರುತ್ತಿದ್ದವು. ಅವನೊಬ್ಬ ತರಗತಿ ತಪ್ಪಿಸಿ ತಿರುಗುವ ಹುಡುಗನಾಗಿರುತ್ತಿದ್ದ. ವಿದ್ಯಾರ್ಥಿಗೂ ಪುಂಡನಿಗೂ ನಡುವಿನ ಅಂತರವನ್ನು ಇಷ್ಟು ನಿಖರವಾಗಿ, ಕೆ.ಜಿ. ಲೆಕ್ಕದಲ್ಲಿ, ಅಳೆದ ಸಂಸ್ಥೆ ಬೇರೆಲ್ಲೂ ಇರಲಾರದು.

ಕೊನೆಗೂ ಮೂರು ವರ್ಷ ಕಳೆದವು. ಒಂದು ಬ್ಯಾಕ್‌ಲಾಗ್ ಕಟ್ಟಿ ಮುಗಿಸಿ ಹುಡುಗ ಪಾಸಾದ. ಕಾಲೇಜಿನ ಹೊಸ ವರ್ಷದ ಮಾಹಿತಿಪುಸ್ತಕದ ಮುಖಪುಟದಲ್ಲಿ ಅವನ ಚಿತ್ರವಿದೆ, ಬಾರ್ ತಲೆಯ ಮೇಲಿದೆ, ಕೆಳಗೆ ‘ಸರ್ವಾಂಗೀಣ ಅಭಿವೃದ್ಧಿ’ ಎಂದು ಬರೆದಿದೆ. ಅವನು ವರ್ಗಾವಣೆ ಪತ್ರಕ್ಕೆ ಬಂದಾಗ ಗುಮಾಸ್ತರು ಮೊದಲು ‘ಬಾಕಿ ಇಲ್ಲ’ ಪ್ರಮಾಣಪತ್ರ ತಾ ಎಂದರು. ಗ್ರಂಥಾಲಯ ಸಹಿ ಹಾಕಿತು. ಹಾಸ್ಟೆಲು ಸಹಿ ಹಾಕಿತು. ವಾಣಿಜ್ಯ ವಿಭಾಗ ಸಹಿ ಹಾಕಿತು. ಕ್ರೀಡಾ ವಿಭಾಗ ಮಾತ್ರ ತಡೆಯಿತು: ಟ್ರ್ಯಾಕ್‌ಸೂಟ್ ಹಿಂದಿರುಗಿಸಿಲ್ಲ, ಜಿಮ್ಮಿನಲ್ಲಿ ಎರಡೂವರೆ ಕೆ.ಜಿ. ತಟ್ಟೆಯೊಂದು ಕಾಣೆಯಾಗಿದೆ, ಅದನ್ನು ಬಳಸುತ್ತಿದ್ದವನು ನೀನೊಬ್ಬನೇ. ಹುಡುಗ ದಂಡ ಕಟ್ಟಿ ರಸೀದಿ ತಂದ. ಅವನಿಂದ ಕಾಲೇಜಿಗೆ ಯಾವ ಬಾಕಿಯೂ ಇಲ್ಲವೆಂದು ಏಳು ಮಂದಿ ದೃಢೀಕರಿಸಿದರು. ಕಾಲೇಜಿನಿಂದ ಅವನಿಗೆ ಬರಬೇಕಾದ ಎರಡು ವರ್ಷದ ಪ್ರಯಾಣಭತ್ಯೆಯನ್ನು ಎಲ್ಲಿ ಬರೆಯಲಿ ಎಂದು ಅವನು ಕೇಳಿದ. ಗುಮಾಸ್ತರು ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದಕ್ಕೆ ಇದರಲ್ಲಿ ಕಾಲಂ ಇಲ್ಲಪ್ಪಾ ಎಂದರು.